ಗುಡಿ, ಚರ್ಚು, ಮಸೀದಿ ಕಾಯುವ ಸ್ವಯಂಸೇವಕರು ಕೇಸಿಗೆ ಸಿಕ್ಕಿಕೊಳ್ಳದಿರಲು ಏನು ಮಾಡಬೇಕು

ಕಳೆದ ವರ್ಷದ ಕಾರ್ತಿಕ ಸೋಮವಾರ. ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ದೀಪೋತ್ಸವ. ಸಂಜೆ ಏಳೂವರೆ ಹೊತ್ತಿಗೆ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಗಲಾಟೆ. ಒಬ್ಬ ಹುಡುಗನ ಕೈಯಲ್ಲಿ ಯಾರದ್ದೋ ಹೊಸ ಶೂ ಇತ್ತು. ನಮ್ಮ ತಂಡದ ನಾಲ್ವರು ಅವನ ಕಾಲರ್ ಹಿಡಿದು ಪಾತ್ರೆ ಕೋಣೆಗೆ ಕರೆದುಕೊಂಡು ಹೋದರು. ಹೊರಗಿನಿಂದ ಚಿಲಕ ಹಾಕಿದರು. "ಮಂಗಳಾರತಿ ಮುಗೀಲಿ, ಆಮೇಲೆ ನೋಡೋಣ" ಅಂದರು. ಎಲ್ಲ ಮುಗಿಯುವಾಗ ರಾತ್ರಿ ಹತ್ತೂವರೆ. ಅಷ್ಟರಲ್ಲಿ ಹುಡುಗನ ಅಪ್ಪ ಬಂದಿದ್ದರು, ಜೊತೆಗೆ ಪರಿಚಯದ ವಕೀಲರೂ ಬಂದಿದ್ದರು. ಹುಡುಗನಿಗೆ 16 ವರ್ಷ.

ಠಾಣೆಯಲ್ಲಿ ಎಸ್‌ಐ ಶೂ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಯಾವ ಅಧಿಕಾರದ ಮೇಲೆ ಮೂರು ಗಂಟೆ ಕೂಡಿ ಹಾಕಿದ್ರಿ ಸ್ವಾಮಿ?" ಅಂದರು. ನಮ್ಮ ಹತ್ತಿರ ಇದ್ದದ್ದು ಒಂದೇ ಉತ್ತರ: "ನಾವು ಸೇವೆ ಮಾಡ್ತಿದ್ವಿ ಸರ್."

ಆ ದಿನದ ಪಾಳಿ ಪಟ್ಟಿ ಬರೆದವನು ನಾನು. ಯಾರು ಎಲ್ಲಿ ನಿಲ್ಲಬೇಕು ಅಂತ ಬರೆದಿದ್ದೆ. ಏನು ಮಾಡಬಾರದು ಅಂತ ಒಂದು ಸಾಲೂ ಬರೆದಿರಲಿಲ್ಲ. ಹಿರಿಯರು ಮಧ್ಯೆ ಬಂದು ಮಾತಾಡಿ, ನಾವು ಕ್ಷಮೆ ಕೇಳಿ, ದೂರು ವಾಪಸ್ ಆಯಿತು. ಆದರೆ ಆ ನಾಲ್ವರಲ್ಲಿ ಇಬ್ಬರು ಐಟಿ ಕೆಲಸದವರು, ಒಬ್ಬ ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆದು ಕಾಯುತ್ತಿದ್ದವನು. ಎಫ್‌ಐಆರ್ ಆಗಿದ್ದರೆ ಅವನ ಗತಿ ಏನು? ಆಮೇಲಿನ ಆರು ತಿಂಗಳು ನಾವು ಕೂತು ಕಲಿತದ್ದನ್ನು, ಮಾಡಿಕೊಂಡ ವ್ಯವಸ್ಥೆಯನ್ನು ಇಲ್ಲಿ ಬರೆದಿದ್ದೇನೆ. ನಿಮ್ಮದು ಗುಡಿ ಇರಲಿ, ಬಸದಿ, ಚರ್ಚು, ಮಸೀದಿ, ಗುರುದ್ವಾರ ಯಾವುದೇ ಇರಲಿ, ಕಾನೂನು ಒಂದೇ.

ಸೇವೆ ಅಂದ ಮಾತ್ರಕ್ಕೆ ರಕ್ಷಣೆ ಸಿಗಲ್ಲ

ಅಮೆರಿಕದಲ್ಲಿ 1997ರಿಂದ ಸ್ವಯಂಸೇವಕರ ರಕ್ಷಣೆಗೆ ಅಂತಲೇ ಒಂದು ಕಾನೂನಿದೆ. ಲಾಭಕ್ಕಲ್ಲದ ಸಂಸ್ಥೆಗೆ ಸಂಬಳವಿಲ್ಲದೆ ದುಡಿಯುವವರಿಂದ ಸಣ್ಣಪುಟ್ಟ ತಪ್ಪಾದರೆ ಅವರ ಮೇಲೆ ವೈಯಕ್ತಿಕವಾಗಿ ಪರಿಹಾರದ ಹೊರೆ ಬೀಳದಂತೆ ಅದು ತಡೆಯುತ್ತದೆ. ಅಲ್ಲಿರುವ ನೆಂಟರು ಕಳಿಸುವ ವಾಟ್ಸಾಪ್ ಮೆಸೇಜ್ ನೋಡಿ ನಮ್ಮಲ್ಲೂ ಹಾಗೇ ಅಂತ ನಂಬಿದವರನ್ನು ನಾನೇ ನೋಡಿದ್ದೇನೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ ಇದೆ, ನಿಜ. ಆದರೆ ಅದು ರಸ್ತೆ ಅಪಘಾತದ ಗಾಯಾಳುವಿಗೆ ನೆರವಾದವರಿಗೆ ಮಾತ್ರ. ರಥಬೀದಿಯಲ್ಲಿ ಕುಸಿದು ಬಿದ್ದವರನ್ನು ಎತ್ತಿದವರಿಗೆ ಅನ್ವಯಿಸಲ್ಲ.

ಹಾಗಾದರೆ ಏನೂ ಇಲ್ವಾ? ಇದೆ, ಮೂರು ಕಡೆ ಹಂಚಿಹೋಗಿದೆ.

2024ರ ಜುಲೈ 1ರಿಂದ ಹಳೆಯ ಐಪಿಸಿ ಜಾಗದಲ್ಲಿ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ನಿಮ್ಮ ಮೈಯನ್ನಷ್ಟೇ ಅಲ್ಲ, ಪಕ್ಕದವರ ಮೈಯನ್ನೂ ದೇವಸ್ಥಾನದ ಸ್ವತ್ತನ್ನೂ ಕಾಪಾಡಲು ಬಲ ಬಳಸಬಹುದು. ಆದರೆ ಅಗತ್ಯಕ್ಕಿಂತ ಜಾಸ್ತಿ ಬಳಸುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯ ಇದ್ದಾಗ ಈ ಹಕ್ಕೇ ಹುಟ್ಟಲ್ಲ. ಓಡಿಹೋಗುವವನ ಕೈಯಿಂದ ಹುಂಡಿ ಹಣ ಕಿತ್ತುಕೊಂಡ ಮೇಲೆ ಅವನಿಗೆ ನಾಲ್ಕು ಬಾರಿಸಿದರೆ, ಆ ನಾಲ್ಕು ಏಟು ರಕ್ಷಣೆ ಅಲ್ಲ, ಹಲ್ಲೆ.

ಎರಡನೆಯದು ಅದೇ ಸಂಹಿತೆಯ 30ನೇ ಕಲಂ. ಒಪ್ಪಿಗೆ ಕೇಳಲು ಸಾಧ್ಯವಿಲ್ಲದ ಸ್ಥಿತಿಯಲ್ಲಿರುವ ವ್ಯಕ್ತಿಯ ಒಳ್ಳೆಯದಕ್ಕಾಗಿ, ಸದ್ಭಾವನೆಯಿಂದ ಮಾಡಿದ್ದು ಅಪರಾಧವಲ್ಲ. ಪ್ರಜ್ಞೆ ತಪ್ಪಿದವರ ಎದೆ ಒತ್ತಿ ಉಳಿಸಲು ಹೋದಾಗ ಪಕ್ಕೆಲುಬಿಗೆ ಏಟಾದರೆ ಈ ಕಲಂ ನೆರವಿಗೆ ಬರುತ್ತದೆ. ಆದರೆ ಸದ್ಭಾವನೆ ಅಂದರೆ ಒಳ್ಳೇ ಮನಸ್ಸು ಅಷ್ಟೇ ಅಲ್ಲ. ಎಚ್ಚರ ಮತ್ತು ಗಮನ ಇಲ್ಲದೆ ಮಾಡಿದ್ದನ್ನು ಕಾನೂನು ಸದ್ಭಾವನೆ ಅಂತ ಒಪ್ಪಲ್ಲ.

ಮೂರನೆಯದು ಯಾರೂ ಹೇಳದೆ ಇರುವಂಥದ್ದು, ನನಗೆ ಬಹಳ ಮುಖ್ಯ ಅನಿಸಿದ್ದೂ ಅದೇ. 1872ರ ಕರಾರು ಕಾಯ್ದೆ. ಒಬ್ಬರ ಪರವಾಗಿ ಕೆಲಸ ಮಾಡುವ ಏಜೆಂಟ್ ಆಗಲು ಸಂಬಳ ಬೇಕಿಲ್ಲ ಅನ್ನುತ್ತದೆ 185ನೇ ಕಲಂ. ಏಜೆಂಟ್ ತನಗೆ ಕೊಟ್ಟ ಅಧಿಕಾರದೊಳಗೆ, ಸದ್ಭಾವನೆಯಿಂದ ಕೆಲಸ ಮಾಡಿ ನಷ್ಟಕ್ಕೆ ಸಿಕ್ಕಿಕೊಂಡರೆ ಕೆಲಸ ಒಪ್ಪಿಸಿದವರು ಅದನ್ನು ತುಂಬಿಕೊಡಬೇಕು ಅನ್ನುತ್ತವೆ 222 ಮತ್ತು 223. ಅಪರಾಧ ಮಾಡಿದ್ದರೆ ತುಂಬಿಕೊಡಬೇಕಿಲ್ಲ ಅನ್ನುತ್ತದೆ 224. ಅಂದರೆ ಕಮಿಟಿ ನಿಮಗೆ ಯಾವ ಕೆಲಸ ಒಪ್ಪಿಸಿದೆ ಅನ್ನುವುದು ಕಾಗದದ ಮೇಲೆ ಇದ್ದರೆ ನೀವು ಒಂಟಿ ಅಲ್ಲ. ಕಾಗದ ಇಲ್ಲದಿದ್ದರೆ, "ನಾವು ಹಿಡೀರಿ ಅಂತ ಹೇಳೇ ಇಲ್ಲ" ಅಂತ ಕಮಿಟಿ ಕೈತೊಳೆದುಕೊಳ್ಳಬಹುದು.

ಮೊದಲ ಹೆಜ್ಜೆ: ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆಸಿ

ಕಮಿಟಿ ಸಭೆಯಲ್ಲಿ ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು. ಹೆಚ್ಚುಕಮ್ಮಿ ಹೀಗೆ ಬರೆಸಿ:

"ದೇವಾಲಯದ ಉತ್ಸವ ಮತ್ತು ವಿಶೇಷ ದಿನಗಳಲ್ಲಿ ಜನದಟ್ಟಣೆ ನೋಡಿಕೊಳ್ಳಲು ಕೆಳಗೆ ಹೆಸರಿಸಿದವರನ್ನು ಸಂಭಾವನೆ ಇಲ್ಲದ ಸ್ವಯಂಸೇವಕರಾಗಿ ನೇಮಿಸಲಾಗಿದೆ. ಇವರ ಕೆಲಸ ಸಾಲು ನಡೆಸುವುದು, ದಾರಿ ತೋರಿಸುವುದು, ಅನುಮಾನ ಬಂದದ್ದನ್ನು ಉಸ್ತುವಾರಿಗೆ ಮತ್ತು ಪೊಲೀಸರಿಗೆ ತಿಳಿಸುವುದು, ಪ್ರಥಮ ಚಿಕಿತ್ಸೆ ಕೊಡುವುದು. ಯಾರನ್ನೂ ಕೂಡಿ ಹಾಕುವ, ಮೈ ತಡಕುವ, ವಿಚಾರಣೆ ಮಾಡುವ ಅಧಿಕಾರ ಇವರಿಗೆ ಇಲ್ಲ. ಲಗತ್ತಿಸಿದ ನಿಯಮಗಳ ಒಳಗೆ ಸದ್ಭಾವನೆಯಿಂದ ಕೆಲಸ ಮಾಡಿದ ಸ್ವಯಂಸೇವಕರ ಮೇಲೆ ಕೇಸು ಬಂದರೆ ವಕೀಲರ ಖರ್ಚು ಮತ್ತು ನ್ಯಾಯಾಲಯ ವಿಧಿಸುವ ಪರಿಹಾರವನ್ನು ಸಂಸ್ಥೆ ಭರಿಸುತ್ತದೆ."

ಕೊನೆಯ ವಾಕ್ಯವನ್ನು ಬರೆಯಲು ಖಜಾಂಚಿಗಳು ಹಿಂದೆಮುಂದೆ ನೋಡುತ್ತಾರೆ. ನಮ್ಮಲ್ಲೂ ಎರಡು ಸಭೆ ಅದರಲ್ಲೇ ಹೋಯಿತು. ಪಟ್ಟು ಬಿಡಬೇಡಿ. ಹುಡುಗರ ಬೆವರು ಬೇಕು, ಜವಾಬ್ದಾರಿ ಬೇಡ ಅಂದರೆ ಹೇಗೆ? ಅಲ್ಲದೆ ಕಮಿಟಿಯ ನಿಯಂತ್ರಣದಲ್ಲಿ ಕೆಲಸ ಮಾಡುವವರ ತಪ್ಪಿಗೆ ಸಂಬಳ ಕೊಡಲಿ ಬಿಡಲಿ ಕಮಿಟಿಯನ್ನೂ ನ್ಯಾಯಾಲಯಕ್ಕೆ ಎಳೆಯಬಹುದು. ಬರೆಯದೆ ಇದ್ದ ಮಾತ್ರಕ್ಕೆ ಸಂಸ್ಥೆ ತಪ್ಪಿಸಿಕೊಳ್ಳಲ್ಲ.

ಮುಜರಾಯಿ ಇಲಾಖೆಗೆ ಸೇರಿದ ದೇವಸ್ಥಾನವಾದರೆ ವ್ಯವಸ್ಥಾಪನಾ ಸಮಿತಿಯ ಜೊತೆಗೆ ಕಾರ್ಯನಿರ್ವಹಣಾಧಿಕಾರಿಯ ಲಿಖಿತ ಒಪ್ಪಿಗೆ ಇರಲಿ. ವಕ್ಫ್ ಮಸೀದಿ, ದರ್ಗಾ ಆದರೆ ಮುತವಲ್ಲಿ ಅಥವಾ ಆಡಳಿತ ಸಮಿತಿ. ಚರ್ಚಾದರೆ ಪಾದ್ರಿಗಳು ಮತ್ತು ಪ್ಯಾರಿಷ್ ಕೌನ್ಸಿಲ್. ಇನ್ನು ರಸ್ತೆ ಬದಿ ಗಣೇಶ ಕೂರಿಸುವ, ಅಣ್ಣಮ್ಮನನ್ನು ತಂದು ಕೂರಿಸುವ ಗೆಳೆಯರ ಬಳಗಗಳಿಗೆ ಒಂದು ಮಾತು: ನೋಂದಣಿ ಇಲ್ಲದ ಬಳಗಕ್ಕೆ ಕಾನೂನಿನ ಕಣ್ಣಲ್ಲಿ ಪ್ರತ್ಯೇಕ ಅಸ್ತಿತ್ವ ಇಲ್ಲ. ಕೇಸು ಬಂದರೆ ನೇರ ವ್ಯಕ್ತಿಗಳ ಹೆಸರಿಗೇ ಬರುತ್ತದೆ. ಪ್ರತಿ ವರ್ಷ ಮಾಡುವವರಾದರೆ ಸಂಘ ಅಥವಾ ಟ್ರಸ್ಟ್ ಆಗಿ ನೋಂದಾಯಿಸಿಕೊಳ್ಳಿ.

ಎರಡನೇ ಹೆಜ್ಜೆ: ಯಾರನ್ನು ಸೇರಿಸಿಕೊಳ್ಳಬೇಕು, ಏನು ತೊಡಿಸಬೇಕು

18 ತುಂಬದವರನ್ನು ಈ ಕೆಲಸಕ್ಕೆ ಬೇಡ. ಪ್ರಸಾದ ಹಂಚಲಿ, ಪಾನಕ ಕೊಡಲಿ, ಗೇಟಿಗೆ ಬೇಡ. ಉಳಿದವರ ಹೆಸರು, ವಿಳಾಸ, ರಕ್ತದ ಗುಂಪು, ಮನೆಯವರ ನಂಬರ್ ಒಂದು ರಿಜಿಸ್ಟರಿನಲ್ಲಿ ಇರಲಿ. ಹುಂಡಿ ಎಣಿಕೆ, ಆಭರಣದ ಹತ್ತಿರ ನಿಲ್ಲುವವರಿಗೆ ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನೆ ಮಾಡಿಸಿದರೆ ಒಳ್ಳೆಯದು. ಬೇಗ ಕೈ ಎತ್ತುವ ಸ್ವಭಾವದವರು ಯಾರು ಅನ್ನೋದು ಬೀದಿಗೆಲ್ಲ ಗೊತ್ತಿರುತ್ತದೆ. ಅವರನ್ನು ಪಾರ್ಕಿಂಗಿಗೂ ನಿಲ್ಲಿಸಬೇಡಿ. ಜಗಳ ಜಾಸ್ತಿ ಆಗುವುದೇ ಅಲ್ಲಿ.

ಖಾಕಿ ಬಣ್ಣ ಹತ್ತಿರಕ್ಕೂ ಬರಬಾರದು. ಪೊಲೀಸರನ್ನು ಹೋಲುವ ಬಟ್ಟೆ, ಬೆಲ್ಟು, ಭುಜದ ಪಟ್ಟಿ ತೊಟ್ಟು ಸರ್ಕಾರಿ ನೌಕರ ಅನ್ನುವ ಭಾವನೆ ಬರಿಸುವುದು ನ್ಯಾಯ ಸಂಹಿತೆಯ 205ನೇ ಕಲಂ ಪ್ರಕಾರ ಅಪರಾಧ. "ನಾನು ಪೊಲೀಸ್" ಅಂತ ಹೇಳಿ ಅಧಿಕಾರ ಚಲಾಯಿಸಿದರೆ 204, ಕನಿಷ್ಠ ಆರು ತಿಂಗಳ ಶಿಕ್ಷೆ. ಹಳದಿ ಅಥವಾ ಕಿತ್ತಳೆ ಜಾಕೆಟ್ ತೊಡಿ, ಬೆನ್ನ ಮೇಲೆ ದೊಡ್ಡದಾಗಿ "ಸ್ವಯಂಸೇವಕ" ಅಂತ ಬರೆಸಿ. ಲಾಠಿ ಬೇಡ. ಲಾಠಿ ಕೈಯಲ್ಲಿದ್ದರೆ ಬೀಸಬೇಕು ಅನಿಸುತ್ತದೆ. ಹಗ್ಗ, ಶಿಳ್ಳೆ, ಟಾರ್ಚು, ಮೆಗಾಫೋನ್ ಸಾಕು. ವಾಕಿಟಾಕಿ ಕೊಳ್ಳುವವರು 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ ಅಂತ ಖಾತ್ರಿ ಮಾಡಿಕೊಂಡು ಕೊಳ್ಳಿ. ಲೈಸೆನ್ಸ್ ವಿನಾಯಿತಿ ಇರುವುದು ಆ ಬ್ಯಾಂಡಿಗೆ.

ಸಂಬಳದ ವಿಷಯದಲ್ಲೂ ಹುಷಾರು. ಊಟ, ಬಸ್ ಚಾರ್ಜು ಕೊಡಿ. ದಿನಕ್ಕೆ ಇಂತಿಷ್ಟು ಅಂತ ಕೂಲಿ ಕೊಡಲು ಶುರು ಮಾಡಿದರೆ ಅವರು ಕೆಲಸಗಾರರಾಗುತ್ತಾರೆ, ಕಾರ್ಮಿಕ ಕಾನೂನುಗಳು ಬರುತ್ತವೆ. ನಿಮ್ಮ ತಂಡವನ್ನು ಬೇರೆ ಕಾರ್ಯಕ್ರಮಗಳಿಗೆ ದುಡ್ಡು ತಗೊಂಡು ಕಳಿಸಿದರಂತೂ ಅದು ಖಾಸಗಿ ಭದ್ರತಾ ಏಜೆನ್ಸಿಯ ವ್ಯವಹಾರ. 2005ರ ಕಾಯ್ದೆ ಪ್ರಕಾರ ಅದಕ್ಕೆ ಪರವಾನಗಿ ಬೇಕು. ಹುಂಡಿ, ಆಭರಣ, ರಾತ್ರಿ ಕಾವಲಿಗೆ ಪರವಾನಗಿ ಇರುವ ಏಜೆನ್ಸಿಯ ಕಾವಲುಗಾರರನ್ನೇ ಇಟ್ಟುಕೊಳ್ಳಿ, ಪರವಾನಗಿಯ ಪ್ರತಿ ಕೇಳಿ ಫೈಲಿನಲ್ಲಿ ಇಡಿ. ಸ್ವಯಂಸೇವಕರಿಂದ ಮಾಡಿಸುವ ಕೆಲಸ ಅದಲ್ಲ.

ಮೂರನೇ ಹೆಜ್ಜೆ: ಹಿಡಿಯಬಹುದಾ, ಹಿಡಿಯಬಾರದಾ

ಇದನ್ನು ನಿಧಾನವಾಗಿ ಓದಿ. ನಾವು ಎಡವಿದ್ದು ಇಲ್ಲೇ.

ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ಸಾಮಾನ್ಯ ಪ್ರಜೆಯೂ ಒಬ್ಬರನ್ನು ಬಂಧಿಸಬಹುದು. ಆದರೆ ಆ ಅಪರಾಧ ನಿಮ್ಮ ಕಣ್ಣೆದುರೇ ನಡೆದಿರಬೇಕು. ಅದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವೂ ಆಗಿರಬೇಕು, ಜಾಮೀನುರಹಿತವೂ ಆಗಿರಬೇಕು. ಘೋಷಿತ ಅಪರಾಧಿಯನ್ನೂ, ಅಂದರೆ ತಲೆಮರೆಸಿಕೊಂಡಿದ್ದಾನೆ ಅಂತ ನ್ಯಾಯಾಲಯ ಘೋಷಿಸಿದವನನ್ನೂ, ಹಿಡಿಯಬಹುದು, ಆದರೆ ಅಂಥವನು ಗೇಟಿಗೆ ಬಂದರೂ ನಮಗೆ ಗುರುತು ಸಿಗಲ್ಲ. ಹಿಡಿದ ಮೇಲೆ ಅನಗತ್ಯ ತಡ ಮಾಡದೆ, ಯಾವ ಕಾರಣಕ್ಕೂ ಆರು ಗಂಟೆ ಮೀರದೆ ಪೊಲೀಸರಿಗೆ ಒಪ್ಪಿಸಬೇಕು. ಆರು ಗಂಟೆ ಇಟ್ಟುಕೊಳ್ಳಬಹುದು ಅಂತ ಇದರ ಅರ್ಥ ಅಲ್ಲ. ಠಾಣೆ ಒಂದು ಕಿಲೋಮೀಟರ್ ದೂರದಲ್ಲಿದ್ದರೆ ಅರ್ಧ ಗಂಟೆಯೂ ತಡವೇ.

ಈಗ ಗೇಟಿನಲ್ಲಿ ನಡೆಯುವುದನ್ನು ಈ ಅಳತೆಗೆ ಹಚ್ಚಿ ನೋಡಿ. ವಿಗ್ರಹ ಕದಿಯುತ್ತಿರುವವನು ಕಣ್ಣಿಗೆ ಬಿದ್ದ. ಅದು ನ್ಯಾಯ ಸಂಹಿತೆಯ 305ನೇ ಕಲಂ (ಈ ಹೆಜ್ಜೆಯಲ್ಲಿ ಮುಂದೆ ಬರುವ ಕಲಂಗಳೂ ಅದರವೇ), ಏಳು ವರ್ಷದವರೆಗೆ ಶಿಕ್ಷೆ, ಜಾಮೀನುರಹಿತ. ಹಿಡಿಯಬಹುದು. ಅಜ್ಜಿಯ ಸರ ಕಿತ್ತುಕೊಂಡು ಓಡುತ್ತಿದ್ದಾನೆ. ಅದು 304, ಹಿಡಿಯಬಹುದು. ಚಪ್ಪಲಿ ಕದ್ದ. 5000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವಿನಲ್ಲಿ, ವಸ್ತು ಹಿಂದಿರುಗಿಸಿದ ಮೊದಲ ಸಲದವನಿಗೆ ಹೊಸ ಸಂಹಿತೆ ಕೊಡುವುದು ಸಮುದಾಯ ಸೇವೆಯ ಶಿಕ್ಷೆ. ಅದು ಜಾಮೀನು ಸಿಗುವ ಅಪರಾಧ, ವಾರಂಟ್ ಇಲ್ಲದೆ ಬಂಧಿಸುವಂಥದ್ದೂ ಅಲ್ಲ. ಭಜನೆ ನಡೆಯುವಾಗ, ಪೂಜೆ ನಡೆಯುವಾಗ ಕೂಗಾಡಿ ತೊಂದರೆ ಕೊಟ್ಟ. ಅದು 300ನೇ ಕಲಂನ ಅಪರಾಧ ಹೌದು, ಆದರೆ ಜಾಮೀನು ಸಿಗುವಂಥದ್ದು. ಇಂಥವರನ್ನು ಹೊರಗೆ ಹೋಗಿ ಅನ್ನಬಹುದು, ಪೊಲೀಸರನ್ನು ಕರೆಯಬಹುದು. ಹಿಡಿದು ಕೂರಿಸುವಂತಿಲ್ಲ. "ಯಾರೋ ಹೇಳಿದರು ಅವನೇ ಕದ್ದದ್ದು" ಅನ್ನುವ ಮಾತಿನ ಮೇಲಂತೂ ಮುಟ್ಟಲೇಬೇಡಿ.

ತಪ್ಪಿದರೆ ಏನಾಗುತ್ತದೆ? ದಾರಿಗೆ ಅಡ್ಡ ನಿಂತು ಹೋಗಲು ಬಿಡದಿದ್ದರೆ ಅಕ್ರಮ ತಡೆ, 126ನೇ ಕಲಂ, ಒಂದು ತಿಂಗಳವರೆಗೆ ಸಜೆ. ಕೂಡಿ ಹಾಕಿದರೆ ಅಕ್ರಮ ಬಂಧನ, 127, ಒಂದು ವರ್ಷದವರೆಗೆ. ಹೊಡೆದರೆ 115, ಇನ್ನೊಂದು ವರ್ಷ. ಒಬ್ಬ ಹೊಡೆದರೂ ಜೊತೆ ಸೇರಿ ಅದೇ ಉದ್ದೇಶದಿಂದ ನಿಂತ ಎಲ್ಲರ ಮೇಲೂ ಕೇಸು ಬರಬಹುದು. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ ಜಾತಿ, ಸಮುದಾಯ, ಭಾಷೆ, ಹುಟ್ಟಿದ ಊರಿನಂಥ ಕಾರಣಕ್ಕೆ ಯಾರನ್ನಾದರೂ ಹೊಡೆದು ತೀವ್ರ ಗಾಯ ಮಾಡಿದರೆ ಏಳು ವರ್ಷದವರೆಗೆ ಶಿಕ್ಷೆ. ಜೀವ ಹೋದರೆ ಮರಣದಂಡನೆ ಅಥವಾ ಜೀವಾವಧಿ. "ಬೇರೆ ರಾಜ್ಯದವನ ಥರ ಕಾಣ್ತಾನೆ, ವಿಚಾರಿಸು" ಅಂತ ಶುರುವಾಗುವುದು ಎಲ್ಲಿಗೆ ಹೋಗಿ ನಿಲ್ಲಬಹುದು ಅನ್ನುವುದನ್ನು ನಿಮ್ಮ ತಂಡಕ್ಕೆ ಮುಂಚೆಯೇ ಹೇಳಿ.

ಸಿಕ್ಕವನು 18ರ ಒಳಗಿನವನಾದರೆ ಇನ್ನೂ ಎಚ್ಚರ ಬೇಕು. ಬಾಲನ್ಯಾಯ ಕಾಯ್ದೆ ಪ್ರಕಾರ ಅಂಥ ಮಗುವನ್ನು ಪೊಲೀಸರೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ನಾವು ಪಾತ್ರೆ ಕೋಣೆಯಲ್ಲಿ ಇಟ್ಟಿದ್ದೆವು.

ಈಗ ನಮ್ಮ ನಿಯಮ ಇಷ್ಟೇ. ನೋಡು, ಉಸ್ತುವಾರಿಗೆ ಹೇಳು, ಉಸ್ತುವಾರಿ 112ಕ್ಕೆ ಫೋನ್ ಮಾಡುತ್ತಾನೆ. ಯಾರಿಗಾದರೂ ಪೆಟ್ಟಾಗುವ ಅಪಾಯ ಇದ್ದರೆ ಮಾತ್ರ ಮೈ ಮುಟ್ಟು. ಹಿಡಿಯಲೇಬೇಕಾದ ಪ್ರಸಂಗ ಬಂದರೆ ಬಯಲಲ್ಲಿ, ಬೆಳಕಲ್ಲಿ, ಕ್ಯಾಮೆರಾ ಕಾಣುವ ಜಾಗದಲ್ಲಿ ಕುರ್ಚಿ ಹಾಕಿ ಕೂರಿಸು, ನೀರು ಕೊಡು. ಜೇಬು ತಡಕಬೇಡ. ಸಾಮಾನ್ಯ ಪ್ರಜೆ ಹಿಡಿದ ಆರೋಪಿಯ ಜೇಬು ನೋಡುವ ಅಧಿಕಾರ ಅವನನ್ನು ವಶಕ್ಕೆ ಪಡೆದ ಪೊಲೀಸ್ ಅಧಿಕಾರಿಯದ್ದು, ನಮ್ಮದಲ್ಲ.

ನಾಲ್ಕನೇ ಹೆಜ್ಜೆ: ಗೇಟು ಮತ್ತು ಬ್ಯಾಗು

ಬ್ಯಾಗ್ ನೋಡುವುದು ಬಂದವರ ಒಪ್ಪಿಗೆಯಿಂದ ಮಾತ್ರ. ಗೇಟಿನ ಹೊರಗೆ, ಕಣ್ಣೆತ್ತರಕ್ಕೆ, ಕನ್ನಡದಲ್ಲೂ ನಿಮ್ಮ ಬೀದಿಯ ಜನ ಓದುವ ಬೇರೆ ಭಾಷೆಯಲ್ಲೂ ಒಂದು ಬೋರ್ಡ್ ಹಾಕಿ: "ಬ್ಯಾಗ್ ತಪಾಸಣೆ ಇದೆ. ಒಪ್ಪಿಗೆ ಇಲ್ಲದವರು ಬ್ಯಾಗನ್ನು ಮನೆಯಲ್ಲಿ ಅಥವಾ ಗಾಡಿಯಲ್ಲಿ ಇಟ್ಟು ಬನ್ನಿ. ಮಹಿಳೆಯರ ಬ್ಯಾಗನ್ನು ಮಹಿಳೆಯರೇ ನೋಡುತ್ತಾರೆ. ಆವರಣದಲ್ಲಿ ಸಿಸಿಟಿವಿ ಇದೆ." ಒಪ್ಪದವರಿಗೆ "ಬ್ಯಾಗ್ ಒಳಗೆ ಬಿಡಲ್ಲ, ಕ್ಷಮಿಸಿ ಅಮ್ಮ" ಅನ್ನಿ. ಕಿತ್ತುಕೊಳ್ಳಬೇಡಿ. ಬ್ಯಾಗನ್ನು ಅವರೇ ತೆರೆದು ತೋರಿಸಲಿ, ನಿಮ್ಮ ಕೈ ಒಳಗೆ ಹೋಗದಿರಲಿ. ಹೆಂಗಸರ ಸಾಲಿನಲ್ಲಿ ಹೆಂಗಸರೇ ನಿಲ್ಲಲಿ. ನೂಕುನುಗ್ಗಲಲ್ಲಿ ಗಂಡಸೊಬ್ಬ ಕೈಹಿಡಿದು ಎಳೆದದ್ದು ನ್ಯಾಯ ಸಂಹಿತೆಯ 74ನೇ ಕಲಂ ದೂರಾಗಿ ಬಂದರೆ ಅದರ ಶಿಕ್ಷೆ ಒಂದರಿಂದ ಐದು ವರ್ಷ.

ವಾರಸುದಾರರಿಲ್ಲದ ಬ್ಯಾಗ್ ಕಂಡರೆ ಮುಟ್ಟಬೇಡಿ, ಅಲುಗಾಡಿಸಬೇಡಿ, ಜನರನ್ನು ದೂರ ಸರಿಸಿ 112ಕ್ಕೆ ಹೇಳಿ. 2024ರ ಮಾರ್ಚ್ 1ರಂದು ನಮ್ಮ ಬೆಂಗಳೂರಿನ ರಾಮೇಶ್ವರಂ ಕೆಫೆ ಹೋಟೆಲಿನಲ್ಲಿ ಸಿಡಿದದ್ದೂ ಯಾರೋ ಇಟ್ಟುಹೋದ ಒಂದು ಬ್ಯಾಗೇ.

ಗೇಟಿನಲ್ಲಿ ನಿಂತವರು ಯಾರನ್ನು ತಡೆಯುತ್ತಾರೆ ಅನ್ನುವುದರ ಬಗ್ಗೆಯೂ ಬಿಚ್ಚಿ ಹೇಳಲೇಬೇಕು. ಅಸ್ಪೃಶ್ಯತೆಯ ಕಾರಣಕ್ಕೆ ಪೂಜಾ ಸ್ಥಳಕ್ಕೆ ಪ್ರವೇಶ ತಡೆಯುವುದು 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಪರಿಶಿಷ್ಟ ಜಾತಿ, ಪಂಗಡದವರನ್ನು ತಡೆದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಬರುತ್ತದೆ, ಅದರಲ್ಲಿ ನಿರೀಕ್ಷಣಾ ಜಾಮೀನಿಗೂ ತಡೆ ಇದೆ. "ಹಿರಿಯರು ಹೇಳಿದರು, ಅದಕ್ಕೇ ನಿಲ್ಲಿಸಿದೆ" ಅನ್ನುವ ಉತ್ತರ ನಿಮ್ಮನ್ನು ಕಾಪಾಡಲ್ಲ. ಕಾಪಾಡಲೂಬಾರದು. ಯಾರಾದರೂ ಹಾಗೆ ಹೇಳಿದರೆ ಜಾಕೆಟ್ ಬಿಚ್ಚಿಟ್ಟು ಮನೆಗೆ ಹೋಗಿ.

ಐದನೇ ಹೆಜ್ಜೆ: ಜನದಟ್ಟಣೆ

ಕಳ್ಳರಿಗಿಂತ ದೊಡ್ಡ ಅಪಾಯ ಇದೇ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಆಯೋಜಕರ ಮೇಲೆ ಎಫ್‌ಐಆರ್ ಆಯಿತು. ಎಚ್ಚರಗೇಡಿತನದಿಂದ ಸಾವು ಸಂಭವಿಸಿದರೆ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ಐದು ವರ್ಷದವರೆಗೆ ಶಿಕ್ಷೆ ಇದೆ.

ಕರಗ, ಬಸವನಗುಡಿಯ ಕಡಲೆಕಾಯಿ ಪರಿಷೆ, ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಸೆಪ್ಟೆಂಬರ್ 8ರ ಹಬ್ಬ ಇಂಥ ಕಡೆ ಪೊಲೀಸ್ ಬಂದೋಬಸ್ತ್ ಹೇಗೂ ಇರುತ್ತದೆ. ನನಗೆ ಭಯ ಇರುವುದು ಎರಡು ಮೂರು ಸಾವಿರ ಜನ ಸೇರುವ ಮಧ್ಯಮ ಗಾತ್ರದ ಬಡಾವಣೆ ಗುಡಿಗಳ ಬಗ್ಗೆ. ವೈಕುಂಠ ಏಕಾದಶಿ ಬೆಳಗಿನ ಜಾವ ನಾಲ್ಕಕ್ಕೇ ಸಾಲು ಮುಖ್ಯ ರಸ್ತೆಗೆ ಬಂದಿರುತ್ತದೆ. ಒಂದೇ ಬಾಗಿಲು, ಅದರ ಪಕ್ಕದಲ್ಲೇ ಹೂವಿನ ಗಾಡಿ, ಎದುರಿಗೆ ಲಡ್ಡು ಕೌಂಟರ್. ಅಲ್ಲಿ ನಿಂತಿರುವುದು ನಾವೇ.

ಉತ್ಸವಕ್ಕೆ 15 ದಿನ ಮುಂಚೆ ಕಮಿಟಿಯ ಲೆಟರ್‌ಹೆಡ್ಡಿನಲ್ಲಿ ನಿಮ್ಮ ಠಾಣೆಯ ಇನ್‌ಸ್ಪೆಕ್ಟರಿಗೆ ಮತ್ತು ಸಂಚಾರ ಠಾಣೆಗೆ ಪತ್ರ ಕೊಡಿ. ದಿನಾಂಕ, ಸಮಯ, ಬರಬಹುದಾದ ಜನರ ಅಂದಾಜು, ಒಳ ಬರುವ ಹೊರ ಹೋಗುವ ದಾರಿಯ ಕೈನಕ್ಷೆ, ಸ್ವಯಂಸೇವಕರ ಹೆಸರುಪಟ್ಟಿ, ಉಸ್ತುವಾರಿಯ ನಂಬರ್ ಅದರಲ್ಲಿ ಇರಲಿ. ಇನ್ನೊಂದು ಪ್ರತಿಯ ಮೇಲೆ ಠಾಣೆಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಎಚ್ಚರ ವಹಿಸಿದ್ದಿರಿ ಅನ್ನುವುದಕ್ಕೆ ನಾಳೆ ನಿಮ್ಮ ಕೈಯಲ್ಲಿರುವ ಮೊದಲ ಸಾಕ್ಷಿ ಆ ಮುದ್ರೆ.

ಒಳ ದಾರಿ, ಹೊರ ದಾರಿ ಬೇರೆ ಬೇರೆ ಇರಲಿ. ಹೊರ ದಾರಿಯ ಬಾಗಿಲಿಗೆ ಬೀಗ ಹಾಕಲೇಬೇಡಿ. ಅಲ್ಲೊಬ್ಬರು ಸದಾ ನಿಂತಿರಲಿ. ಪ್ರಸಾದವನ್ನು ಬಾಗಿಲಲ್ಲಿ ಕೊಡಬೇಡಿ, ಹೊರಗೆ 30 ಅಡಿ ದಾಟಿದ ಮೇಲೆ ಕೊಡಿ. ನಾವು ಈ ಒಂದು ಬದಲಾವಣೆ ಮಾಡಿದ ಮೇಲೆ ಬಾಗಿಲ ನೂಕಾಟ ಅರ್ಧಕ್ಕರ್ಧ ಇಳಿಯಿತು. "ಒಳಗೆ ಇನ್ನು ಜನ ಬೇಡ, ಗೇಟ್ ನಿಲ್ಲಿಸಿ" ಅನ್ನುವ ಅಧಿಕಾರ ಒಬ್ಬರಿಗೇ ಇರಲಿ, ಅವರ ಮಾತನ್ನು ಅಧ್ಯಕ್ಷರೂ ಮೀರಬಾರದು. ಗಣ್ಯರು ಬಂದರು ಅಂತ ಸಾಲು ಮುರಿಯುವ ಹೊತ್ತಲ್ಲೇ ಜನ ನುಗ್ಗುವುದು.

ಕ್ಯಾಮೆರಾ ವಿಷಯ ಚಿಕ್ಕದು. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಪ್ರಕಾರ ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 30 ದಿನ ಉಳಿಸಬೇಕು. ಪೂಜಾ ಸ್ಥಳಗಳೂ ಇದರಲ್ಲಿ ಬರುತ್ತವೆ. ಏನಾದರೂ ಘಟನೆ ಆದರೆ 30 ದಿನ ಕಾಯದೆ ಅವತ್ತೇ ಆ ಭಾಗವನ್ನು ಬೇರೆ ಡ್ರೈವಿಗೆ ತೆಗೆದಿಡಿ.

ಆರನೇ ಹೆಜ್ಜೆ: ವಿಮೆ

ಎರಡು ಬೇರೆ ಬೇರೆ ಪಾಲಿಸಿಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಗುಂಪು ಅಪಘಾತ ವಿಮೆ ಸ್ವಯಂಸೇವಕರಿಗೆ ಪೆಟ್ಟಾದರೆ ಹಣ ಕೊಡುತ್ತದೆ. ಸಾರ್ವಜನಿಕ ಹೊಣೆಗಾರಿಕೆ ವಿಮೆ, ಅಂದರೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ, ಭಕ್ತರಿಗೆ ಪೆಟ್ಟಾಗಿ ಅವರು ನಿಮ್ಮ ಮೇಲೆ ಪರಿಹಾರ ಕೇಳಿದರೆ ನೆರವಾಗುತ್ತದೆ. ಎರಡೂ ಬೇಕು. ನೌಕರರಿಗೆ ಪರಿಹಾರ ಕೊಡಿಸುವ ಕಾನೂನು ಸಂಬಳದವರಿಗೆ ಇರುವುದರಿಂದ ಸ್ವಯಂಸೇವಕರು ಅದನ್ನು ನಂಬಿ ಕೂರುವಂತಿಲ್ಲ.

ಹೊಣೆಗಾರಿಕೆ ಪಾಲಿಸಿ ತೆಗೆದುಕೊಳ್ಳುವಾಗ ಏಜೆಂಟರನ್ನು ಹೀಗೆ ಕೇಳಿ. ಸಂಬಳವಿಲ್ಲದ ಸ್ವಯಂಸೇವಕರು ಮಾಡಿದ್ದಕ್ಕೂ ಇದು ಅನ್ವಯಿಸುತ್ತದಾ? ಬಾಯಲ್ಲಿ ಹೌದು ಅಂದರೆ ಸಾಲದು, ಪಾಲಿಸಿಯಲ್ಲಿ ಬರೆಸಿ. ಒಂದು ಘಟನೆಗೆ ಮಿತಿ ಎಷ್ಟು, ಇಡೀ ವರ್ಷಕ್ಕೆ ಎಷ್ಟು? ಈ ಎರಡು ಅಂಕಿ ಬೇರೆ ಬೇರೆ ಇರುತ್ತವೆ. ಒಂದು ಘಟನೆಯ ಮಿತಿ ಚಿಕ್ಕದಿದ್ದರೆ ದೊಡ್ಡ ವಾರ್ಷಿಕ ಅಂಕಿಯಿಂದ ಪ್ರಯೋಜನ ಇಲ್ಲ. ರಸ್ತೆಯಲ್ಲಿ ಹೋಗುವ ಮೆರವಣಿಗೆ, ತಾತ್ಕಾಲಿಕ ಪೆಂಡಾಲು, ಪಟಾಕಿ, ಅನ್ನಸಂತರ್ಪಣೆ ಸೇರಿವೆಯಾ? ವಕೀಲರ ಖರ್ಚು ಮಿತಿಯ ಒಳಗೋ ಹೊರಗೋ? ಇನ್ನೊಂದು ಮಾತು, ಬೇಕೆಂದೇ ಹೊಡೆದದ್ದಕ್ಕೆ ಯಾವ ವಿಮೆಯೂ ಹಣ ಕೊಡಲ್ಲ.

"ನನಗೆ ಏನಾದರೂ ಆದರೆ ಕಮಿಟಿ ಹೊಣೆಯಲ್ಲ" ಅಂತ ಸ್ವಯಂಸೇವಕರಿಂದ ಸಹಿ ಹಾಕಿಸಿಕೊಳ್ಳುವ ಪದ್ಧತಿ ಕೆಲವು ಕಡೆ ಇದೆ. ಅಂಥ ಕಾಗದ ಮೂರನೆಯವರನ್ನು, ಅಂದರೆ ಪೆಟ್ಟಾದ ಭಕ್ತರನ್ನು, ಯಾವ ರೀತಿಯಲ್ಲೂ ಕಟ್ಟಿಹಾಕಲ್ಲ. ಸೇವೆಗೆ ಬಂದ ಹುಡುಗರಿಂದ ಅದನ್ನು ಬರೆಸಿಕೊಳ್ಳುವುದು ನನಗೆ ಸರಿಯೂ ಅನಿಸಲ್ಲ.

ಏಳನೇ ಹೆಜ್ಜೆ: ತರಬೇತಿ ಮತ್ತು ದಾಖಲೆ

ಉತ್ಸವದ ಹಿಂದಿನ ಭಾನುವಾರ ಎರಡು ಗಂಟೆ ಸಾಕು. ನಮ್ಮ ಠಾಣೆಯವರನ್ನು ಕೇಳಿದಾಗ ಒಬ್ಬರು ಎಎಸ್‌ಐ ಬಂದು ಮುಕ್ಕಾಲು ಗಂಟೆ ಮಾತಾಡಿದರು. ಬೀದಿಯಲ್ಲೇ ಇರುವ ಡಾಕ್ಟರಮ್ಮ ಎದೆ ಒತ್ತುವುದನ್ನು ಕಲಿಸಿದರು. ಬಂದವರ ಸಹಿ ಹಾಕಿಸಿಕೊಂಡು ಆ ಹಾಳೆಯನ್ನು ಫೈಲಿಗೆ ಸೇರಿಸಿ. ನಿಯಮಗಳನ್ನು ಒಂದೇ ಪುಟದಲ್ಲಿ ಅಚ್ಚು ಹಾಕಿಸಿ, ಗುರುತಿನ ಚೀಟಿಯ ಹಿಂಬದಿಯಲ್ಲಿ 112, 108, ಮಕ್ಕಳ ಸಹಾಯವಾಣಿ 1098 ಬರೆಸಿ.

ಘಟನೆ ಆದ ದಿನವೇ ಒಂದು ಪುಟ ಬರೆಯಿರಿ. ಸಮಯ, ಜಾಗ, ಕಂಡದ್ದು, ಮಾಡಿದ್ದು, ಯಾರಿಗೆ ಫೋನ್ ಮಾಡಿದ್ದು, ಪೊಲೀಸರು ಎಷ್ಟು ಹೊತ್ತಿಗೆ ಬಂದರು, ಯಾರಿಗೆ ಒಪ್ಪಿಸಿದಿರಿ. "ಅವನು ಕಳ್ಳ" ಅಂತ ಬರೆಯಬೇಡಿ, "ಕೈಯಲ್ಲಿ ಕಪ್ಪು ಶೂ ಇತ್ತು" ಅಂತ ಬರೆಯಿರಿ. ಇಬ್ಬರು ಸಾಕ್ಷಿಗಳ ಸಹಿ ಇರಲಿ. ಪೆಟ್ಟಾದವರ ಮನೆಗೆ ಹೋಗಿ ವಿಚಾರಿಸಿ, ಆಸ್ಪತ್ರೆಗೆ ಜೊತೆಯಾಗಿ ಹೋಗಿ. ಆದರೆ ವಿಮಾ ಕಂಪನಿಗೆ ತಿಳಿಸುವ ಮುಂಚೆ "ತಪ್ಪು ನಮ್ಮದೇ, ಇಷ್ಟು ಕೊಡುತ್ತೇವೆ" ಅಂತ ಬರೆದುಕೊಡಬೇಡಿ. ಹಾಗೆ ಬರೆದುಕೊಟ್ಟರೆ ಸಾಮಾನ್ಯವಾಗಿ ಪಾಲಿಸಿಯ ಷರತ್ತು ಮುರಿದಂತೆ. ಈ ಎಲ್ಲ ಕಾಗದಗಳನ್ನು ಒಮ್ಮೆ ನಿಮ್ಮ ಭಾಗದ ವಕೀಲರೊಬ್ಬರಿಗೆ ತೋರಿಸಿ. ಭಕ್ತರಲ್ಲೇ ಒಬ್ಬ ವಕೀಲರು ಇದ್ದೇ ಇರುತ್ತಾರೆ, ಒಂದು ಗಂಟೆ ಕೂರುತ್ತಾರೆ.

ಎಂಟನೇ ಹೆಜ್ಜೆ: ಫೋನ್ ಜೇಬಲ್ಲಿರಲಿ

ಪಾತ್ರೆ ಕೋಣೆಯ ಬಾಗಿಲಲ್ಲಿ ನಿಂತು ನಮ್ಮವನೊಬ್ಬ ಆ ಹುಡುಗನ ಫೋಟೋ ತೆಗೆದಿದ್ದ. ಕೆಳಗೆ "ಚಪ್ಪಲಿ ಕಳ್ಳ ಸಿಕ್ಕಿದ" ಅಂತ ಬರೆದು ಭಕ್ತರ ಗುಂಪಿಗೆ ಹಾಕಿದ್ದ. ಅಪರಾಧದ ಆರೋಪ ಇರುವ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಸಜೆ, ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ದೊಡ್ಡವರ ಫೋಟೋ ಆದರೆ ಮಾನನಷ್ಟದ ಕೇಸು ಬರಬಹುದು.

ಈಗ ಪಾಳಿಯಲ್ಲಿ ಇರುವವರು ಯಾರೂ ಫೋಟೋ ತೆಗೆಯುವಂತಿಲ್ಲ. ದಾಖಲೆಗೆ ಬೇಕಾದರೆ ಉಸ್ತುವಾರಿ ಒಬ್ಬರೇ, ತಂಡದ ಫೋನಿನಲ್ಲೇ. ಅದು ಪೊಲೀಸರಿಗೆ ಮತ್ತು ನಮ್ಮ ವಕೀಲರಿಗೆ ಬಿಟ್ಟು ಯಾರಿಗೂ ಹೋಗಲ್ಲ. ಸಿಸಿಟಿವಿ ತುಣುಕಿಗೂ ಇದೇ ನಿಯಮ. ಕೇಳಿದವರು ಅಧ್ಯಕ್ಷರೇ ಆದರೂ ಗುಂಪಿಗೆ ಹಾಕಲು ಕೊಡುವಂತಿಲ್ಲ.

ಆ ರಾತ್ರಿ ಠಾಣೆಯಿಂದ ಹೊರಬಂದ ಮೇಲೆ ಹುಡುಗನ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ. ಕೂಡಿ ಹಾಕಿದ ಮಾತು ಎತ್ತಲಿಲ್ಲ. "ಅಣ್ಣಾ, ಆ ಫೋಟೋ ತೆಗಿಸಿಬಿಡಿ, ನಾಳೆ ಅವನು ಕಾಲೇಜಿಗೆ ಹೋಗಬೇಕು" ಅಂದರು. ನಮ್ಮ ಗುಂಪಿನಿಂದ ಅಲ್ಲೇ ನಿಂತು ಅಳಿಸಿದೆವು. ಅಷ್ಟರಲ್ಲಿ ಅದು ಪಕ್ಕದ ಬಡಾವಣೆಯ ಎರಡು ಗುಂಪಿಗೆ ಹೋಗಿತ್ತು. ಅಲ್ಲಿನ ಅಡ್ಮಿನ್‌ಗಳ ಮನೆ ಬಾಗಿಲಿಗೆ ಹೋಗಿ ಕೇಳಿಕೊಳ್ಳಲು ನಮಗೆ ಮೂರು ದಿನ ಹಿಡಿಯಿತು.